ಟರ್ಬೊ ಬದಲಿಸುವ ಮೊದಲು

ಕಾಫಿ ಚೀಲ, ಅಡಿಕೆ ಮೂಟೆ ಹೇರಿ ಘಾಟಿ ಹತ್ತುವ ಪಿಕಪ್ಪಿನ ಟರ್ಬೊದಲ್ಲಿ ಎಣ್ಣೆ ಜಿನುಗಿತೆಂದರೆ, ಹೊಸದನ್ನೇ ಕೂರಿಸಿ ಎಂಬ ಸಲಹೆ ವರ್ಕ್‌ಶಾಪಿನಲ್ಲಿ ಸಿದ್ಧವಾಗಿರುತ್ತದೆ. ಬೆಳೆಗಾರ ಬಾಂಧವರು ಇದಕ್ಕೆ ಕೂಡಲೇ ಒಪ್ಪಬಾರದೆಂದು ನನ್ನ ಅಭಿಪ್ರಾಯ. ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದಕ್ಕೆ ಹೋದ ಎಣ್ಣೆ ತನ್ನ ಭಾರದಿಂದಲೇ ಕೆಳಗಿನ ಕೊಳವೆಯಲ್ಲಿ ಇಳಿದು ಸಂಪಿಗೆ ಸೇರಬೇಕು. ಆ ಕೊಳವೆ ಕರಿ ಕಟ್ಟಿದ್ದರೆ, ಇಂಜಿನ್ನಿನ ಬ್ರೀದರ್ ಮುಚ್ಚಿದ್ದರೆ, ಏರ್ ಫಿಲ್ಟರಿನಲ್ಲಿ ತೋಟದ ರಸ್ತೆಯ ಧೂಳು ತುಂಬಿದ್ದರೆ, ಹೊಸ ಟರ್ಬೊ ಕೂಡ ಸೋರೀತು. ಮೊದಲು ಈ ಮೂರನ್ನೂ ನೋಡಿಸಿ. ಇಂಜಿನ್ ತಣಿದ ಮೇಲೆ ಶಾಫ್ಟನ್ನು ಬೆರಳಿನಿಂದ ಅಲುಗಾಡಿಸಿದಾಗ ರೆಕ್ಕೆ ಗೂಡಿಗೆ ತಾಗಿದರೆ, ಆಗ ಟರ್ಬೊ ಕೆಟ್ಟಿದ್ದು ನಿಜ.

ಬಿಚ್ಚುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡು ಮುರಿಯುವುದು ಇನ್ನೊಂದು ತಲೆನೋವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಲು ಹೇಳಿ. ಮುರಿದ ಮೊಂಡಿಗೆ ನಟ್ಟು ವೆಲ್ಡ್ ಮಾಡಿ, ಮೆಲ್ಲಗೆ ಹಿಂದೆ ಮುಂದೆ ತಿರುಗಿಸಿದರೆ ಬಹುಮಟ್ಟಿಗೆ ಬಿಟ್ಟುಕೊಳ್ಳುತ್ತದೆ. ಡ್ರಿಲ್ ಕೊನೆಯ ಉಪಾಯ. ಓರೆಯಾದರೆ ಪೆಟ್ಟು ಹೆಡ್ಡಿಗೇ. ಮ್ಯಾನಿಫೋಲ್ಡ್ ಸೊಟ್ಟಗಾಗಿದ್ದರೆ ಅದರ ಮುಖ ಸಮ ಮಾಡಿಸದೆ ಹಾಕಿದ ಹೊಸ ಸ್ಟಡ್ಡುಗಳೂ ಮುರಿಯುತ್ತವೆ. ಕೊಯ್ಲಿನ ನಡುವೆ ಗಾಡಿ ಮತ್ತೆ ನಿಂತರೆ ಯಾರಿಗೆ ನಷ್ಟ?

ಘಾಟಿ ಹತ್ತಿ ಬಂದೊಡನೆ ಇಂಜಿನ್ ಆರಿಸುವ ನಮ್ಮ ಚಾಲಕರಿಗೂ ಒಂದು ಮಾತು: ಒಂದೆರಡು ನಿಮಿಷ ಸುಮ್ಮನೆ ಓಡಲಿ. ಕೊಳವೆಯಲ್ಲಿ ಕರಿ ಕಟ್ಟುವುದಕ್ಕೆ ಆ ಅವಸರವೂ ಕಾರಣ.