ಹಿಮ್ಮಡಿಯ ಒಂದು ಹನಿ ರಕ್ತಕ್ಕೂ ಬರವೇ?

ಕೂಸು ಹುಟ್ಟಿದಾಗ ಗುಂಡುಗುಂಡಾಗಿರುತ್ತದೆ. ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ಆರೇಳು ತಿಂಗಳಾದರೂ ಕತ್ತು ನಿಲ್ಲಲಿಲ್ಲ, ಕರೆದರೆ ತಿರುಗಲಿಲ್ಲ ಎಂದಾಗ ಮನೆಯವರಿಗೆ ದಿಗಿಲು. ‘ಕೆಲವು ಮಕ್ಕಳು ನಿಧಾನ ಕಣ್ರೀ’ ಎನ್ನುತ್ತಾರೆ ನೆರೆಹೊರೆಯವರು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಕೊನೆಗೆ ಮಾತು ಬರುವುದು ಸೊಸೆಯ ಕಾಲ್ಗುಣದ ಮೇಲೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಫೀನೈಲ್‌ಕೀಟೋನೂರಿಯಾ ಎಂಬ ಕಾಯಿಲೆಯ ಕತೆ ಇದು. ವೈದ್ಯರ ಬಾಯಲ್ಲಿ ಪಿ.ಕೆ.ಯು. ಹಾಲು, ಬೇಳೆ, ಮೊಟ್ಟೆ, ಮಾಂಸದಲ್ಲಿರುವ ಫೀನೈಲ್‌ಅಲನೀನ್ ಎಂಬ ಅಂಶವನ್ನು ಈ ಮಕ್ಕಳ ದೇಹ ಕರಗಿಸಲಾರದು. ಅದು ರಕ್ತದಲ್ಲಿ ತುಂಬಿ ಮೆದುಳನ್ನೇ ಕೆಡಿಸುತ್ತದೆ. ದೋಷದ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ಅವರಿಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನಿಗೆ, ಅತ್ತೆಮಗನಿಗೆ ಹೆಣ್ಣು ಕೊಡುವ ಈ ಸೀಮೆಯಲ್ಲಿ ಇಂಥ ಕಾಯಿಲೆಗಳ ಸಂಭವ ಹೆಚ್ಚು. ಹಾಗಿರುವಾಗ ಸೊಸೆಯೊಬ್ಬಳನ್ನೇ ದೂರುವುದು ಯಾವ ನ್ಯಾಯ?

ಮದ್ದಿಲ್ಲವೇ? ಇದೆ. ಅಡುಗೆಮನೆಯೇ ಔಷಧಾಲಯ. ಹುಟ್ಟಿದ ಮೊದಲ ವಾರಗಳಲ್ಲೇ ಪತ್ತೆಯಾದರೆ ಫೀನೈಲ್‌ಅಲನೀನ್ ಇಲ್ಲದ ವಿಶೇಷ ಹಾಲಿನ ಪುಡಿ, ಜೊತೆಗೆ ವೈದ್ಯರು ಹೇಳಿದಷ್ಟೇ ಎದೆಹಾಲು. ಬೆಳೆದ ಮೇಲೆ ಹಣ್ಣು, ತರಕಾರಿ, ಸಬ್ಬಕ್ಕಿ ಪರವಾಗಿಲ್ಲ. ಅನ್ನ ಮಾತ್ರ ತಕ್ಕಡಿಯಲ್ಲಿ ತೂಗಿದ ಹಾಗೆ ಲೆಕ್ಕ. ಬೇಳೆ ಸಾರು, ಉದ್ದಿನ ಇಡ್ಲಿ ಬೇಡ. ಆಗಾಗ ರಕ್ತಪರೀಕ್ಷೆ. ಪಥ್ಯ ಜೀವನಪೂರ್ತಿ. ಆದರೆ ಆ ಮಗು ಎಲ್ಲರಂತೆ ಓದುತ್ತದೆ, ದುಡಿಯುತ್ತದೆ. ತಡವಾಗಿ ಶುರುಮಾಡಿದರೆ ಹೋದ ಬುದ್ಧಿ ಪೂರ್ತಿ ಮರಳದು.

ಪತ್ತೆಗೆ ಬೇಕಾದ್ದು ಹಿಮ್ಮಡಿಯ ಕೆಲವೇ ಹನಿ ರಕ್ತ. ಹುಟ್ಟಿದ ಎರಡು ಮೂರು ದಿನದೊಳಗೆ ಚುಚ್ಚಿ, ಸೋಸುಕಾಗದಕ್ಕೆ ಒತ್ತಿ, ಒಣಗಿಸಿದರೆ ಆಯಿತು. ಅಮೆರಿಕದ ರಾಬರ್ಟ್ ಗತ್ರಿ 1960ರ ದಶಕದಲ್ಲಿ ಬಳಕೆಗೆ ತಂದ ಉಪಾಯವಿದು. ಒಣಗಿದ ಕಾಗದ ಅಂಚೆಯಲ್ಲೇ ಹೋಗುತ್ತದೆ. ಕೂಸು ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ, ಕಾಗದ ಹತ್ತಿದರೆ ಸಾಕು.

ಇದೇನೂ ಕನ್ನಡನಾಡಿಗೆ ಹೊಸದಲ್ಲ. 1980ರಲ್ಲೇ ಬೆಂಗಳೂರಿನಲ್ಲಿ ಶಿಶುಗಳ ರಕ್ತ ತಪಾಸಣೆ ಆರಂಭವಾಗಿ ಲಕ್ಷಕ್ಕೂ ಮಿಕ್ಕಿ ಕೂಸುಗಳನ್ನು ಪರೀಕ್ಷಿಸಲಾಗಿತ್ತು. ಆಮೇಲೆ ಪುಟ್ಟ ಗೋವಾ 2008ರಲ್ಲಿ ರಾಜ್ಯಮಟ್ಟದಲ್ಲೇ ತಪಾಸಣೆ ಶುರುಮಾಡಿತು. ಮೊದಲು ಹೆಜ್ಜೆ ಇಟ್ಟವರು ಹಿಂದೆ ಉಳಿಯಬೇಕೇ?

ವಿಶೇಷ ಪುಡಿ ಬಡವನ ಕೈಗೆ ಎಟುಕುವಂಥದ್ದಲ್ಲ, ನಿಜ. ಆದರೆ ಕೇಂದ್ರದ 2021ರ ಅಪರೂಪ ಕಾಯಿಲೆಗಳ ನೀತಿಯಲ್ಲಿ ಪಿ.ಕೆ.ಯು. ಹೆಸರೂ ಇದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅದರಡಿ ಗೊತ್ತುಮಾಡಿದ ಕೇಂದ್ರಗಳಲ್ಲೊಂದು. ನೆರವು ಕೇಳಲಿಕ್ಕಾದರೂ ಮೊದಲು ಕಾಯಿಲೆ ಗೊತ್ತಾಗಬೇಕಲ್ಲ!

ತಾಲ್ಲೂಕು ಆಸ್ಪತ್ರೆಯಿರಲಿ, ನರ್ಸಿಂಗ್ ಹೋಮ್ ಇರಲಿ, ಈ ಪರೀಕ್ಷೆಯಾಗದೆ ಯಾವ ಬಾಣಂತಿಯೂ ಮನೆಗೆ ಹೋಗಬಾರದು. ಇದು ಸರ್ಕಾರದ ಹೊಣೆ. ಅಲ್ಲಿಯವರೆಗೆ ಮನೆಯವರೇ ಬಾಯಿಬಿಟ್ಟು ಕೇಳಲಿ: ‘ಡಾಕ್ಟ್ರೇ, ಮಗುವಿನ ಹಿಮ್ಮಡಿ ರಕ್ತ ತೆಗೆದಿರಾ?’ ತೊಟ್ಟಿಲಿಗೆ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಇದು.