ಕಡಲ ಪಕ್ಕದ ಎರಡು ಮನೆಗಳು



ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡೇ ಮಾತು. ಊರಿಗೆ ಟಿಕೆಟ್ ಸಿಕ್ಕಿತೇ? ಸಿಗದಿದ್ದರೆ ಯಾವ ಬೀಚಿಗೆ ಹೋಗೋಣ? ಲೀಡ್ಸ್ ಕಡೆಯವರು ಹೆಚ್ಚಾಗಿ ಸ್ಕಾರ್ಬರೋ ಅನ್ನುತ್ತಾರೆ. ಚಿತ್ರಾನ್ನದ ಡಬ್ಬಿ, ಬಕೆಟ್ಟು, ಒಂದು ಜೊತೆ ಹೆಚ್ಚಿನ ಸಾಕ್ಸು ಕಟ್ಟಿಕೊಂಡು ಹೊರಟರೆ ಆಯಿತು. ಈ ಸಲ ರೈಲಿಳಿದವರು ನೇರ ಮರಳಿಗೆ ಓಡುವ ಮೊದಲು ಹತ್ತು ನಿಮಿಷ ನನಗೆ ಕೊಡಿ. ಸ್ಟೇಷನ್ನಿನಿಂದ ಸ್ವಲ್ಪವೇ ದೂರದಲ್ಲಿ ‘ದಿ ಕ್ರೆಸೆಂಟ್’ ಎಂಬ ಬೀದಿ ಇದೆ. ಅಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಹಳೆಯ ಬಂಗಲೆಗಳ ಕಥೆ ಹೇಳುತ್ತೇನೆ.

ನಮ್ಮ ಕಡೆ ಬೇಸಿಗೆ ಕಳೆಯಲು ದೊಡ್ಡವರು ಬೆಟ್ಟ ಹತ್ತುತ್ತಿದ್ದರು. ಮೈಸೂರು ಒಡೆಯರಿಗೆ ಊಟಿಯಲ್ಲಿ ಫರ್ನ್‌ಹಿಲ್ ಅರಮನೆ ಇತ್ತಲ್ಲ, ಹಾಗೆ. ಇಲ್ಲಿನ ದೊಡ್ಡವರು ಕಡಲಿಗೆ ಇಳಿಯುತ್ತಿದ್ದರು. ಸ್ಕಾರ್ಬರೋದಲ್ಲಿ ಅದಕ್ಕೆ ಕಾರಣವಾದದ್ದು ಒಂದು ಬುಗ್ಗೆ. 1626ರ ಸುಮಾರಿಗೆ ಎಲಿಜಬೆತ್ ಫ್ಯಾರೋ ಎಂಬಾಕೆ ದಡದ ಹತ್ತಿರ ಖನಿಜದ ನೀರನ್ನು ಕಂಡಳು. ಅದನ್ನು ಕುಡಿದರೆ ರೋಗ ವಾಸಿಯಾಗುತ್ತದೆಂದು ಜನ ನಂಬಿದರು. ಆಮೇಲೆ ಸಮುದ್ರಸ್ನಾನದ ಹುಚ್ಚು ಹಿಡಿಯಿತು. 1845ರಲ್ಲಿ ಯಾರ್ಕಿನಿಂದ ರೈಲೂ ಬಂತು. ಸಿರಿವಂತರು ಗುಡ್ಡದ ಮೇಲೆ ಬಂಗಲೆ ಮಾಡಿಕೊಂಡರು.

ಮೊದಲನೆಯದು ಲಾಂಡ್ಸ್‌ಬರೋ ಲಾಡ್ಜ್. ಬ್ಯಾಂಕ್ ವ್ಯವಹಾರದಿಂದ ಬಂದ ಆಸ್ತಿಯಿಂದ ಶ್ರೀಮಂತರಾದ ಲಾರ್ಡ್ ಲಾಂಡ್ಸ್‌ಬರೋ ಕುಟುಂಬದ ಕಡಲ ಮನೆ ಅದು. 1871ರ ಶರತ್ಕಾಲದಲ್ಲಿ ಅಲ್ಲಿಗೆ ಬಂದ ಅತಿಥಿ ಯಾರು ಗೊತ್ತೇ? ವಿಕ್ಟೋರಿಯಾ ರಾಣಿಯ ಹಿರಿಯ ಮಗ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದ ರಾಜಕುಮಾರ. ಆದರೆ ಅಲ್ಲಿಂದ ಹಿಂತಿರುಗಿದ ಮೇಲೆ ರಾಜಕುಮಾರನಿಗೆ ಟೈಫಾಯ್ಡ್ ಹಿಡಿಯಿತು. ಜೊತೆಯಲ್ಲಿ ತಂಗಿದ್ದ ಅರ್ಲ್ ಆಫ್ ಚೆಸ್ಟರ್‌ಫೀಲ್ಡ್ ಅದೇ ಕಾಯಿಲೆಯಿಂದ ಸತ್ತರು. ರಾಜಕುಮಾರನ ಕುದುರೆ ನೋಡಿಕೊಳ್ಳುತ್ತಿದ್ದ ಆಳೂ ಸತ್ತ. ಹತ್ತು ವರ್ಷದ ಹಿಂದೆ, 1861ರ ಡಿಸೆಂಬರ್ 14ರಂದು, ರಾಣಿಯ ಗಂಡ ಆಲ್ಬರ್ಟ್ ಕೂಡ ಟೈಫಾಯ್ಡಿನಿಂದಲೇ ಸತ್ತರೆಂದು ಆಗಿನ ವೈದ್ಯರು ಹೇಳಿದ್ದರು. ಈಗ ಮಗನ ಕಾಯಿಲೆಯೂ ಡಿಸೆಂಬರ್ 14ಕ್ಕೇ ವಿಷಮಕ್ಕೆ ಮುಟ್ಟಿತು. ಇಡೀ ದೇಶ ಉಸಿರು ಬಿಗಿಹಿಡಿದು ಕಾಯಿತು. ರಾಜಕುಮಾರ ಬದುಕಿಕೊಂಡ. ಮರುವರ್ಷ ಫೆಬ್ರವರಿಯಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸಿದರು.

ಅನುಮಾನ ಬಿದ್ದದ್ದು ಬಂಗಲೆಯ ಚರಂಡಿಯ ಮೇಲೆ. ಬೆಳ್ಳಿ ತಟ್ಟೆ, ರೇಷ್ಮೆ ಪರದೆ ಎಲ್ಲ ಇದ್ದ ಮನೆ ಅದು, ಮಕ್ಕಳೇ. ಕಾಯಿಲೆ ಮಾತ್ರ ಬಾಗಿಲಲ್ಲಿ ನಿಂತು ಯಾರ ಮನೆ ಎಂದು ಕೇಳಲಿಲ್ಲ. ಬಡವರ ಕೇರಿಯ ಸಮಸ್ಯೆ ಎಂದುಕೊಂಡಿದ್ದ ಕೊಳಕು ನೀರಿನ ಬಗ್ಗೆ ಆಗ ದೊಡ್ಡವರೂ ಯೋಚಿಸಬೇಕಾಯಿತು.

ಎರಡನೆಯ ಮನೆ ವುಡ್ ಎಂಡ್. ಇದನ್ನು 1870ರಲ್ಲಿ ಲೇಡಿ ಲೂಯಿಸಾ ಸಿಟ್ವೆಲ್ ಕೊಂಡರು. ಸಿಟ್ವೆಲ್ ಕುಟುಂಬದ ಮೂಲ ಮನೆ ಶೆಫೀಲ್ಡ್ ಹತ್ತಿರದ ರೆನಿಶಾ ಹಾಲ್. ಹಿಂದೆ ಕಬ್ಬಿಣ ಕರಗಿಸಿ ಮೊಳೆ ಮಾಡಿಸಿ ದುಡ್ಡು ಮಾಡಿದ ವಂಶ ಇದು. ಕಡಲ ಮನೆಗೆ ಅವರು ಒಂದು ಗಾಜಿನ ಮನೆಯನ್ನೂ ಸೇರಿಸಿ ಬಿಸಿ ನಾಡಿನ ಗಿಡಗಳನ್ನು ಬೆಳೆಸಿದರು. ನಮ್ಮ ಲಾಲ್‌ಬಾಗಿನ ಗಾಜಿನ ಮನೆಯ ಪುಟ್ಟ ತಂಗಿ ಅನ್ನಿ. ಲೇಡಿ ಲೂಯಿಸಾ ಮಗ ಸರ್ ಜಾರ್ಜ್ ಮದುವೆಯಾದದ್ದು ಪಕ್ಕದ ಮನೆ ಲಾರ್ಡ್ ಲಾಂಡ್ಸ್‌ಬರೋ ಮಗಳು ಐಡಾಳನ್ನು. ಹೀಗೆ ಎರಡು ಬಂಗಲೆಗಳು ಬೀಗರ ಮನೆಗಳಾದವು.

1887ರ ಸೆಪ್ಟೆಂಬರ್ 7ರಂದು ವುಡ್ ಎಂಡ್‌ನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಹೆಸರು ಈಡಿತ್. ತಾಯಿಗೆ ಆಗ ಹದಿನೆಂಟು ವರ್ಷ. ತಾನು ಗಂಡಾಗಿ ಹುಟ್ಟಲಿಲ್ಲವೆಂದು ಅಪ್ಪ ಅಮ್ಮನಿಗೆ ಬೇಡವಾಗಿದ್ದೆ ಎಂದು ಈಡಿತ್ ದೊಡ್ಡವರಾದ ಮೇಲೂ ಹೇಳುತ್ತಿದ್ದರು. ಈ ಮಾತು ಕೇಳಿದರೆ ನಮಗೆ ಇದು ಯಾವುದೋ ದೂರದ ಇಂಗ್ಲಿಷ್ ಕಥೆ ಅನ್ನಿಸುವುದಿಲ್ಲ, ಅಲ್ಲವೇ? ನಮ್ಮ ಮನೆಗಳಲ್ಲೂ ಇಂಥ ಮಾತು ಬಿದ್ದದ್ದಿದೆ.

ಹುಡುಗಿ ಎತ್ತರಕ್ಕೆ ಬೆಳೆದಳು, ಬೆನ್ನು ಸ್ವಲ್ಪ ಬಾಗಿತ್ತು. ಅದನ್ನು ನೆಟ್ಟಗೆ ಮಾಡಲೆಂದು ಮೈಗೆ ಕಬ್ಬಿಣದ ಚೌಕಟ್ಟು ಹಾಕಿಸಿದರು. ಮೂಗಿಗೂ ಒಂದು ಪಟ್ಟಿ. ಕಬ್ಬಿಣದಿಂದ ಸಿರಿ ಕಂಡ ಮನೆಯ ಮಗಳಿಗೆ ಕಬ್ಬಿಣವೇ ಸೆರೆಮನೆಯಾಯಿತು. ರೆನಿಶಾದಲ್ಲಿ ನಾಲ್ಕು ವರ್ಷದ ಈಡಿತ್‌ಗೆ ಒಂದು ನವಿಲು ಗೆಳೆಯನಾಗಿತ್ತು. ಇಬ್ಬರೂ ತೋಟದಲ್ಲಿ ಜೊತೆಯಾಗಿ ಸುತ್ತುತ್ತಿದ್ದರು. ಅಪ್ಪ ಆ ನವಿಲಿಗೆ ಒಂದು ಹೆಣ್ಣು ನವಿಲು ತಂದುಕೊಟ್ಟರು, ಗೆಳೆಯ ಇವಳನ್ನು ಮರೆತ. ಮುಪ್ಪಿನಲ್ಲಿ ಟಿವಿ ಸಂದರ್ಶನಕ್ಕೆ ಕೂತಾಗಲೂ ಅವರಿಗೆ ಆ ನವಿಲು ನೆನಪಿತ್ತು.

ಆ ಹುಡುಗಿಯೇ ಮುಂದೆ ಇಂಗ್ಲಿಷಿನ ಹೆಸರಾಂತ ಕವಿ ಈಡಿತ್ ಸಿಟ್ವೆಲ್. ತಮ್ಮಂದಿರಾದ ಆಸ್ಬರ್ಟ್, ಸಶೆವೆರಲ್ ಕೂಡ ಬರಹಗಾರರಾದರು. 1923ರಲ್ಲಿ ಈಡಿತ್ ಲಂಡನ್ನಿನ ಸಭೆಯೊಂದರಲ್ಲಿ ಪರದೆಯ ಹಿಂದೆ ನಿಂತು, ಧ್ವನಿ ದೊಡ್ಡದು ಮಾಡುವ ಕೊಳವೆಯಲ್ಲಿ ತಮ್ಮ ಕವಿತೆಗಳನ್ನು ಓದಿದರು. ಅದಕ್ಕೆ ಸಂಗೀತ ಹೊಂದಿಸಿದವರು ನಮ್ಮ ಮ್ಯಾಂಚೆಸ್ಟರ್ ಪಕ್ಕದ ಓಲ್ಡ್‌ಹ್ಯಾಮಿನಲ್ಲಿ ಹುಟ್ಟಿದ ವಿಲಿಯಂ ವಾಲ್ಟನ್. ಹಲವರು ನಕ್ಕರು. ಈಡಿತ್ ಬರೆಯುವುದನ್ನು ಬಿಡಲಿಲ್ಲ. 1954ರಲ್ಲಿ ಅವರಿಗೆ ‘ಡೇಮ್’ ಗೌರವ ಸಿಕ್ಕಿತು. ಬೇಡವಾಗಿ ಹುಟ್ಟಿದ ಮಗಳಿಂದಲೇ ಇಂದು ಆ ಮನೆಯ ಹೆಸರು ಜನಕ್ಕೆ ಗೊತ್ತು.

ಆಮೇಲೆ ಮನೆಯ ಗತಿ? 1930ರ ದಶಕದಲ್ಲಿ ವುಡ್ ಎಂಡ್ ಅನ್ನು ನಗರಸಭೆ ಕೊಂಡಿತು. 1951ರಲ್ಲಿ ಅದು ಪ್ರಾಣಿ, ಪಕ್ಷಿ, ಸಸ್ಯಗಳ ಮ್ಯೂಸಿಯಂ ಆಯಿತು. ಒಬ್ಬಳೇ ಕೂತಿದ್ದ ಹುಡುಗಿಯ ಮನೆಗೆ ಊರಿನ ಮಕ್ಕಳೆಲ್ಲ ಬಂದರು. ಈಗ ಅಲ್ಲಿ ಕಲಾವಿದರು, ಸಣ್ಣ ಉದ್ಯಮ ನಡೆಸುವವರು ಬಾಡಿಗೆಗೆ ಕೋಣೆ ಹಿಡಿದು ಕೆಲಸ ಮಾಡುತ್ತಾರೆ. ಪಕ್ಕದಲ್ಲೇ ಊರಿನ ಆರ್ಟ್ ಗ್ಯಾಲರಿ ಇದೆ. ಹೋಗುವ ಮೊದಲು ತೆರೆದಿರುವ ಸಮಯ ನೋಡಿಕೊಳ್ಳಿ.

ಪೋಷಕರಿಗೆ ಒಂದು ಮಾತು. ನಾವೂ ಮಕ್ಕಳ ಬೆನ್ನು ನೆಟ್ಟಗೆ ಮಾಡುವ ಆತುರದಲ್ಲಿ ಇರುತ್ತೇವೆ. ಗ್ರಾಮರ್ ಸ್ಕೂಲ್ ಪರೀಕ್ಷೆ, ಪಿಯಾನೋ, ಈಜು, ಜೊತೆಗೆ ನಮ್ಮ ಕನ್ನಡ ಶಾಲೆಯೂ! ಎಲ್ಲವೂ ಒಳ್ಳೆಯದಕ್ಕೇ. ಆದರೂ ಕಡಲ ದಡದಲ್ಲಿ ಒಂದು ದಿನ ಏನನ್ನೂ ಕಲಿಸದೆ ಅವರ ಪಕ್ಕ ಸುಮ್ಮನೆ ಕೂತು ನೋಡಿ. ಅವರ ನವಿಲು ಯಾವುದು ಎಂದು ನಮಗೂ ತಿಳಿದೀತು.

ಮಕ್ಕಳೇ, ನಿಮಗೊಂದು ಕೆಲಸ. ರಜೆಯಲ್ಲಿ ನೀವಿದ್ದ ಒಂದು ಮನೆಯ ಬಗ್ಗೆ ಕನ್ನಡದಲ್ಲಿ ಐದು ವಾಕ್ಯ ಬರೆಯಿರಿ. ಅಜ್ಜಿಯ ಮನೆಯಾಗಲಿ, ಕ್ಯಾರವಾನ್ ಆಗಲಿ, ಟೆಂಟ್ ಆಗಲಿ. ಅಲ್ಲಿ ನಿಮಗೆ ಯಾರು ಗೆಳೆಯರಾದರು, ಅದನ್ನು ಬರೆಯಲು ಮರೆಯಬೇಡಿ. ಸೆಪ್ಟೆಂಬರ್‌ನಲ್ಲಿ ಶಾಲೆಗೆ ತನ್ನಿ, ಒಟ್ಟಿಗೆ ಕೂತು ಓದೋಣ.