ಸವೆತ ಎಂಬ ಮಾತು

ಹಳೆಯ ದೇವಾಲಯವೊಂದರ ಕಲ್ಲಿನ ಮೆಟ್ಟಿಲುಗಳನ್ನು ಗಮನವಿಟ್ಟು ನೋಡಿದರೆ, ಅವುಗಳ ಅಂಚು ಒರಟಾಗಿದ್ದು ನಡುಭಾಗವು ನುಣುಪಾಗಿ ತುಸು ತಗ್ಗಿರುವುದು ಕಾಣುತ್ತದೆ. ಆ ತಗ್ಗು ಯಾವ ಒಂದು ದಿನದಲ್ಲಿ ಆದುದೂ ಅಲ್ಲ, ಯಾರೊಬ್ಬರ ಪಾದದಿಂದ ಆದುದೂ ಅಲ್ಲ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುವ ಈ ಕ್ರಿಯೆಯನ್ನು ಕನ್ನಡವು ‘ಸವೆ’ ಎಂಬ ಪುಟ್ಟ ಧಾತುವಿನಿಂದ ಸೂಚಿಸುತ್ತದೆ.

ಈ ಧಾತುವಿನ ಬಳಗ ದೊಡ್ಡದು. ನಡೆದು ನಡೆದು ಚಪ್ಪಲಿ ಸವೆಯುತ್ತದೆ. ನಡೆಯುವವನು ದಾರಿಯನ್ನು ಸವೆಸುತ್ತಾನೆ. ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ಲೆಕ್ಕ ಬರೆಯುವವರು ‘ಸವಕಳಿ’ ಎನ್ನುತ್ತಾರೆ. ಕೈಯಿಂದ ಕೈಗೆ ದಾಟಿ ಮುದ್ರೆ ಅಳಿಸಿದ ನಾಣ್ಯ ‘ಸವಕಲು’ ನಾಣ್ಯ. ಹಾಗೆಯೇ ಎಲ್ಲರೂ ಆಡಿ ಹೊಸತನ ಕಳೆದುಕೊಂಡ ಮಾತು ಸವಕಲು ಮಾತು. ‘ತೇಯು’ ಎಂಬುದು ಇದರ ನೆರೆಯ ಪದವಾದರೂ ಅರ್ಥದಲ್ಲಿ ಬೇರೆ. ಚಪ್ಪಲಿ ತಾನಾಗಿ ಸವೆಯುತ್ತದೆ. ಗಂಧದ ಕೊರಡನ್ನು ನಾವು ಬೇಕೆಂದೇ ತೇಯುತ್ತೇವೆ, ಪರಿಮಳಕ್ಕಾಗಿ ತೇಯುತ್ತೇವೆ. ಪರರಿಗಾಗಿ ದುಡಿದವರನ್ನು ಜೀವ ತೇದವರೆಂದು ಹೊಗಳುವುದು ಇದರಿಂದಲೇ.

ಈಚೆಗೆ ಈ ಭೇದಗಳೆಲ್ಲ ಮರೆಯಾಗಿ, ಮುರಿದುದಕ್ಕೂ ಸವೆದುದಕ್ಕೂ ‘ಹಾಳಾಯಿತು’ ಎಂಬ ಒಂದೇ ಮಾತು ಸಾಕೆನ್ನುವಂತಾಗಿದೆ. ಇದು ಬರಿಯ ಪದದ ನಷ್ಟವಲ್ಲವೆಂದು ನನ್ನ ಭಾವನೆ. ‘ಹಾಳಾಯಿತು’ ಎಂಬುದು ಕೊನೆಯನ್ನು ಹೇಳುತ್ತದೆ. ‘ಸವೆಯುತ್ತಿದೆ’ ಎಂಬುದು ನಡೆಯುತ್ತಿರುವುದನ್ನು ಹೇಳಿ ಎಚ್ಚರಿಸುತ್ತದೆ. ಹಿಂದೆ ಬೀಸುವ ಕಲ್ಲು ಹಿಟ್ಟನ್ನು ದಪ್ಪವಾಗಿ ಉದುರಿಸತೊಡಗಿದರೆ, ಮನೆಯ ಹೆಂಗಸರು ಕಲ್ಲು ಹಾಳಾಯಿತೆಂದು ಎಸೆಯುತ್ತಿರಲಿಲ್ಲ. ಸವೆದಿದೆಯೆಂದು ತಿಳಿದು, ಕಲ್ಲು ಕುಟ್ಟುವವನನ್ನು ಕರೆಸಿ ಅದರ ಮೈಯನ್ನು ಮತ್ತೆ ಒರಟು ಮಾಡಿಸುತ್ತಿದ್ದರು.

ಹೊಲದ ಮಣ್ಣಿಗೂ ಈ ಮಾತು ಸಲ್ಲುತ್ತದೆ. ಮೇಲ್ಮಣ್ಣಿನ ಒಂದು ಅಂಗುಲದ ಪದರ ಮೂಡಲು ನೂರಾರು ವರ್ಷಗಳು ಬೇಕು. ಇಳಿಜಾರಿನ ಬರಿ ನೆಲದಲ್ಲಿ ಬಿರುಮಳೆಯು ಅದನ್ನು ಕೆಲವೇ ವರ್ಷಗಳಲ್ಲಿ ಕೊಚ್ಚಿಕೊಂಡು ಹೋಗಬಲ್ಲದು. ಆದರೆ ಒಂದು ಮಳೆಗೆ ಹೋಗುವ ಮಣ್ಣು ಅಷ್ಟಾಗಿ ಕಣ್ಣಿಗೆ ಬೀಳದು. ಹಳ್ಳದ ನೀರು ಕೆಂಪಾಗಿ ಹರಿಯುವುದಷ್ಟೇ ಅದರ ಗುರುತು. ಆ ಕೆಂಪನ್ನು ಕಂಡು ‘ಹೊಲ ಸವೆಯುತ್ತಿದೆ’ ಎಂದು ಅರಿತ ರೈತನು ಬದು ಹಾಕುತ್ತಾನೆ, ಇಳಿಜಾರಿಗೆ ಅಡ್ಡಲಾಗಿ ಉಳುತ್ತಾನೆ, ಬದುವಿನ ಮೇಲೆ ಹುಲ್ಲನ್ನೂ ಮರಗಳನ್ನೂ ಬೆಳೆಸುತ್ತಾನೆ. ಅರಿಯದವನು ಕಲ್ಲು ಮೇಲೆದ್ದ ಮೇಲೆ ‘ಭೂಮಿ ಹಾಳಾಯಿತು’ ಎಂದು ಮರುಗುತ್ತಾನೆ.

ಸ್ನೇಹ, ಆರೋಗ್ಯ, ಓದಿನ ಅಭ್ಯಾಸ ಇವು ಕೂಡ ಹೆಚ್ಚಾಗಿ ಮುರಿಯುವುದಿಲ್ಲ, ಸವೆಯುತ್ತವೆ. ಆದುದರಿಂದ ವಿದ್ಯಾರ್ಥಿಗಳು ಈ ಪದವನ್ನು ಅದರ ಸರಿಯಾದ ಅರ್ಥದಲ್ಲಿ ಬಳಸಲು ಕಲಿಯಬೇಕು. ಸವೆತವನ್ನು ಸವೆತವೆಂದು ಹೆಸರಿಸಬಲ್ಲವನಿಗೆ, ಅದನ್ನು ತಡೆಯಲು ಇನ್ನೂ ಕಾಲವಿರುತ್ತದೆ.